ಮಾನಿಟರಿಂಗ್ ಸರ್ವರ್‌ಗೆ ಸ್ವಿಚ್, ರೌಟರ್, ಯುಪಿಎಸ್ ಸೇರಿಸುವುದು ಹೇಗೆ? ಲಿಬ್ರೆಎನ್‌ಎಂಎಸ್ ಬಳಸುವವರಿಗೆ ಹಂತ ಹಂತದ ಮಾರ್ಗದರ್ಶಿ

ನೆಟ್‌ವರ್ಕ್ ಉಪಕರಣಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಲಿಬ್ರೆಎನ್‌ಎಂಎಸ್ ಹಾಕಿಕೊಂಡವರಲ್ಲಿ ಬಹಳಷ್ಟು ಜನ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಸರ್ವರ್ ರೆಡಿ ಇದೆ, ಲಾಗಿನ್ ಆಗಿದೆ, ಖಾಲಿ ಡ್ಯಾಶ್‌ಬೋರ್ಡ್ ಎದುರಿಗಿದೆ. ಮೊದಲ ಸ್ವಿಚ್‌ನ ಐಪಿ ಹಾಕಿ ಬಟನ್ ಒತ್ತಿದರೆ, ಸಂಪರ್ಕ ಸಿಗಲಿಲ್ಲ, ಎಸ್‌ಎನ್‌ಎಂಪಿ ವಿವರ ಸರಿಯಿದೆಯಾ ನೋಡಿ ಎನ್ನುವ ಕೆಂಪು ಸಾಲು ಬರುತ್ತದೆ. ‘ಪಿಂಗ್ ಆಗ್ತಿದೆ, ಆದ್ರೂ ಆ್ಯಡ್ ಆಗ್ತಿಲ್ಲ, ಯಾಕೆ?’ ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರು, ಆಸ್ಪತ್ರೆಯ ಐಟಿಯವರು, ಊರಲ್ಲಿ ಫೈಬರ್ ಇಂಟರ್‌ನೆಟ್ ಕೊಡುವವರು, ಎಲ್ಲರೂ ಕೇಳುವ ಪ್ರಶ್ನೆ ಇದೇ. (ಪಿಂಗ್ ಎಂದರೆ ಉಪಕರಣ ನೆಟ್‌ವರ್ಕ್‌ನಲ್ಲಿ ಇದೆಯಾ ಎಂದು ಕೂಗಿ ನೋಡುವುದು.)

ಬಹುತೇಕ ಸಲ ತೊಂದರೆ ಇರುವುದು ಉಪಕರಣದ ಕಡೆ. ಉಪಕರಣ ಸೇರಿಸುವ ಫಾರ್ಮ್ ತುಂಬುವುದು ಎರಡು ನಿಮಿಷದ ಕೆಲಸ. ಅದಕ್ಕೂ ಮೊದಲಿನ ತಯಾರಿ, ಆಮೇಲಿನ ಪರೀಕ್ಷೆ, ಇವೆರಡೇ ನಿಜವಾದ ಕೆಲಸ. ಹಾಗಾಗಿ ಈ ಲೇಖನದಲ್ಲಿ ಫಾರ್ಮ್ ನಾಲ್ಕನೇ ಹಂತಕ್ಕೆ ಬರುತ್ತದೆ. ನೀವು ಜಬ್ಬಿಕ್ಸ್ ಅಥವಾ ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರೂ ಮೊದಲ ಮೂರು ಹಂತ ಹೆಚ್ಚುಕಮ್ಮಿ ಹೀಗೇ ಇರುತ್ತವೆ.

ಶುರು ಮಾಡುವ ಮುಂಚೆ: ಕೆಲವು ಪದಗಳು

ಎಸ್‌ಎನ್‌ಎಂಪಿ ಎಂದರೆ ನೆಟ್‌ವರ್ಕ್ ಉಪಕರಣಗಳು ತಮ್ಮ ಸ್ಥಿತಿ ಹೇಳಲು ಬಳಸುವ ಭಾಷೆ. 1988ರಿಂದ ಇದೆ. ಮೇಷ್ಟ್ರು ಹಾಜರಿ ಕೂಗಿದ ಹಾಗೆ ಮಾನಿಟರಿಂಗ್ ಸರ್ವರ್ ಐದು ನಿಮಿಷಕ್ಕೊಮ್ಮೆ ಪ್ರತಿ ಉಪಕರಣವನ್ನೂ ಕೇಳುತ್ತದೆ, ಅದು ಉತ್ತರ ಕೊಡುತ್ತದೆ. ಹೀಗೆ ಕೇಳುವುದಕ್ಕೆ ಪೋಲಿಂಗ್ ಎನ್ನುತ್ತಾರೆ. ಪ್ರಶ್ನೆ ಹೋಗುವುದು ಯುಡಿಪಿ 161ನೇ ಪೋರ್ಟ್‌ಗೆ.

ಒಐಡಿ ಎಂದರೆ ಪ್ರತಿಯೊಂದು ಮಾಹಿತಿಗೂ ಇರುವ ಅಂಕಿಗಳ ವಿಳಾಸ. ಉದಾಹರಣೆಗೆ 1.3.6.1.2.1.1.5.0 ಕೇಳಿದರೆ ಉಪಕರಣ ತನ್ನ ಹೆಸರು ಹೇಳುತ್ತದೆ. ಇವನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ.

ಕಮ್ಯುನಿಟಿ ಎಂದರೆ ಹಳೆಯ ಆವೃತ್ತಿಗಳಲ್ಲಿ ಪಾಸ್‌ವರ್ಡ್ ಜಾಗದಲ್ಲಿ ಬಳಸುವ ಪದ. ಇದು ನೆಟ್‌ವರ್ಕ್‌ನಲ್ಲಿ ಹಾಗೇ ಮುಚ್ಚುಮರೆಯಿಲ್ಲದೆ ಓಡಾಡುತ್ತದೆ. ನಡುವೆ ಪ್ಯಾಕೆಟ್ ನೋಡುವವರು ಯಾರಿದ್ದರೂ ಓದಬಹುದು.

ಆವೃತ್ತಿ ಮೂರು ಇವೆ: ವಿ1, ವಿ2ಸಿ, ವಿ3. ಯಾವುದು ಬಳಸಬೇಕು ಎಂಬುದಕ್ಕೆ ನನ್ನ ಉತ್ತರ ನೇರ. ಸಾಧ್ಯವಿರುವ ಕಡೆಯೆಲ್ಲ ವಿ3. ಹಳೆಯ ಪೆಟ್ಟಿಗೆಯಾಗಿದ್ದು ವಿ3 ಬರದಿದ್ದರೆ ವಿ2ಸಿ. ವಿ1 ಬೇಡವೇ ಬೇಡ. ಅದರಲ್ಲಿ ಸುರಕ್ಷತೆ ಇಲ್ಲ ಎನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಲೆಕ್ಕದ್ದು. ಪೋರ್ಟ್‌ನಲ್ಲಿ ಎಷ್ಟು ಬೈಟ್ ಹೋಯಿತು ಎಂದು ಎಣಿಸಲು ವಿ1ರಲ್ಲಿ 32 ಬಿಟ್‌ನ ಎಣಿಕೆ ಮಾತ್ರ ಸಿಗುತ್ತದೆ. ಅದು ಸುಮಾರು 429 ಕೋಟಿಗೆ ತಲುಪಿದ ಕೂಡಲೇ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಒಂದು ಗಿಗಾಬಿಟ್ ಲಿಂಕ್ ಪೂರ್ತಿ ತುಂಬಿ ಓಡುತ್ತಿದ್ದರೆ ಸುಮಾರು 34 ಸೆಕೆಂಡಿಗೆ ಒಂದು ಸುತ್ತು ಮುಗಿಯುತ್ತದೆ. ನೀವು ಕೇಳುವುದೋ ಐದು ನಿಮಿಷಕ್ಕೊಮ್ಮೆ. ಅಷ್ಟರಲ್ಲಿ ಎಷ್ಟು ಸುತ್ತು ಮುಗಿದಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಗ್ರಾಫ್ ಬರುತ್ತದೆ, ಆದರೆ ಸುಳ್ಳು ಗ್ರಾಫ್. ವಿ2ಸಿ, ವಿ3ಗಳಲ್ಲಿ 64 ಬಿಟ್ ಎಣಿಕೆ ಇರುವುದರಿಂದ ಈ ಗೋಳಿಲ್ಲ.

ಹಂತ 1: ಪಟ್ಟಿ ಮಾಡಿ, ಹೆಸರಿಡಿ

ಒಂದು ಶೀಟ್ ತೆರೆದು ಉಪಕರಣದ ಹೆಸರು, ಐಪಿ, ಎಲ್ಲಿದೆ, ಯಾವ ಸ್ವಿಚ್ ಮೂಲಕ ಸಂಪರ್ಕ ಎಂದು ಬರೆದುಕೊಳ್ಳಿ. ಕೊನೆಯ ಕಾಲಂ ಏಳನೇ ಹಂತದಲ್ಲಿ ಬೇಕಾಗುತ್ತದೆ, ಬಿಡಬೇಡಿ.

ಹೆಸರಿನ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಹಲವು ಹೊಸ ಸ್ವಿಚ್‌ಗಳು ಕಾರ್ಖಾನೆಯಿಂದ ‘ಸ್ವಿಚ್’ ಎಂಬ ಒಂದೇ ಹೆಸರು ಹೊತ್ತು ಬರುತ್ತವೆ. ಮೊದಲನೆಯದು ಸೇರಿಕೊಳ್ಳುತ್ತದೆ. ಎರಡನೆಯದನ್ನು ಸೇರಿಸಲು ಹೋದಾಗ, ಈ ಹೆಸರಿನ ಉಪಕರಣ ಈಗಾಗಲೇ ಇದೆ ಎಂದು ಲಿಬ್ರೆಎನ್‌ಎಂಎಸ್ ತಡೆಯುತ್ತದೆ. ಒಂದೇ ಹೆಸರಿಗೆ ಅನುಮತಿ ಕೊಡುವ ಸೆಟ್ಟಿಂಗ್ ಇದೆ, ಅದನ್ನು ಹುಡುಕಿಕೊಂಡು ಹೋಗಬೇಡಿ. ಒಂದೇ ರೌಟರ್ ಎರಡು ಐಪಿಗಳಲ್ಲಿ ಎರಡು ಸಲ ಸೇರಿಕೊಳ್ಳದಂತೆ ಕಾಯುವುದು ಈ ತಡೆಯೇ. ಪ್ರತಿ ಸ್ವಿಚ್‌ಗೂ ಜಾಗ, ಮಹಡಿ, ಕೆಲಸ, ಅಂಕಿ ಸೇರಿಸಿ ಅದರದ್ದೇ ಹೆಸರು ಕೊಡಿ. ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದಾಗ ಎಲ್ಲಿಗೆ ಓಡಬೇಕು ಎಂದು ಹೆಸರು ನೋಡಿಯೇ ತಿಳಿಯಬೇಕು.

ಎಲ್ಲವನ್ನೂ ಸೇರಿಸಲೇಬೇಕು ಎಂದೇನಿಲ್ಲ. ವೈಫೈ ಕಂಟ್ರೋಲರ್ ಇದ್ದರೆ ಅದನ್ನು ಸೇರಿಸಿ. ಅದು ತನ್ನ ಕೆಳಗಿನ ಆ್ಯಕ್ಸೆಸ್ ಪಾಯಿಂಟ್‌ಗಳ ಮಾಹಿತಿ ಕೊಡುತ್ತದಾದರೆ ಒಂದೊಂದನ್ನೂ ಬೇರೆಯಾಗಿ ಸೇರಿಸುವ ಅಗತ್ಯವಿಲ್ಲ. ಮೊದಲ ಹತ್ತು ಉಪಕರಣಗಳನ್ನು ಕೈಯಾರೆ ಸೇರಿಸಿ. ತಾನಾಗಿ ಹುಡುಕಿ ಸೇರಿಸುವ ಸೌಲಭ್ಯವನ್ನು ಕೈ ಪಳಗಿದ ಮೇಲೆ ನೋಡಿಕೊಳ್ಳಿ.

ಹಂತ 2: ಉಪಕರಣದಲ್ಲಿ ಎಸ್‌ಎನ್‌ಎಂಪಿ ಆನ್ ಮಾಡಿ

ಹೆಚ್ಚಿನ ತಪ್ಪು ಆಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೋಗೋಣ.

ಎಲ್ಲ ಉಪಕರಣಗಳಿಗೂ ಅನ್ವಯಿಸುವ ಮೂರು ಮಾತು. ಒಂದು, ಓದುವ ಅನುಮತಿ ಮಾತ್ರ ಕೊಡಿ. ಬರೆಯುವ ಅನುಮತಿ ಕೊಟ್ಟರೆ ಎಸ್‌ಎನ್‌ಎಂಪಿ ಮೂಲಕವೇ ಯಾರಾದರೂ ಪೋರ್ಟ್ ಬಂದ್ ಮಾಡಬಹುದು, ಕೆಲವು ರೌಟರ್‌ಗಳಲ್ಲಿ ಪೂರ್ತಿ ಕಾನ್ಫಿಗರೇಶನ್ನೇ ಎತ್ತಿಕೊಂಡು ಹೋಗಬಹುದು. ಎರಡು, ‘ಪಬ್ಲಿಕ್’, ‘ಪ್ರೈವೇಟ್’ ಎಂಬ ಕಮ್ಯುನಿಟಿ ಇದ್ದರೆ ತೆಗೆದುಹಾಕಿ. ಜಗತ್ತಿಗೆಲ್ಲ ಗೊತ್ತಿರುವ ಪದಗಳವು. ಮೂರು, ಮಾನಿಟರಿಂಗ್ ಸರ್ವರ್‌ನ ಐಪಿಗೆ ಮಾತ್ರ ಉತ್ತರ ಕೊಡುವಂತೆ ಕಟ್ಟುಹಾಕಿ. ಇಂಟರ್‌ನೆಟ್ ಕಡೆಗೆ 161 ತೆರೆದಿಟ್ಟ ರೌಟರ್‌ಗಳನ್ನು ಬೇರೆಯವರ ಮೇಲಿನ ದಾಳಿಗೂ ಬಳಸಿಕೊಳ್ಳುತ್ತಾರೆ. ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರ ಕೊಡುವುದು ಎಸ್‌ಎನ್‌ಎಂಪಿಯ ಸ್ವಭಾವ. ಸುಳ್ಳು ವಿಳಾಸ ಹಾಕಿ ಕೇಳಿದರೆ ಆ ದೊಡ್ಡ ಉತ್ತರವೆಲ್ಲ ಪಾಪದವರ ಮೇಲೆ ಹೋಗಿ ಬೀಳುತ್ತದೆ.

ವಿ3ರಲ್ಲಿ ಕಮ್ಯುನಿಟಿ ಇಲ್ಲ, ಯೂಸರ್ ಇರುತ್ತಾನೆ. ಆ ಯೂಸರ್‌ಗೆ ಎರಡು ಪಾಸ್‌ವರ್ಡ್: ಯಾರು ಕೇಳುತ್ತಿದ್ದಾರೆ ಎಂದು ಖಚಿತಪಡಿಸಲು ಒಂದು, ಮಾತನ್ನು ಗೂಢಲಿಪಿಗೆ ಹಾಕಲು ಇನ್ನೊಂದು. ಎರಡೂ ಇರುವ ಮಟ್ಟಕ್ಕೆ ‘ಆಥ್‌ಪ್ರಿವ್’ ಎಂದು ಹೆಸರು. ಅದನ್ನೇ ಆರಿಸಿ. ಮೊದಲನೆಯದಕ್ಕೆ ಶಾ (SHA), ಎರಡನೆಯದಕ್ಕೆ ಎಇಎಸ್ (AES) ಎಂಬ ವಿಧಾನ ಇರಲಿ. ಎಂಡಿ5, ಡಿಇಎಸ್ ಹಳೆಯವು. ಪಾಸ್‌ವರ್ಡ್ ಕನಿಷ್ಠ 8 ಅಕ್ಷರ ಇರಬೇಕು, ಕಡಿಮೆಯಾದರೆ ಕೆಲಸ ಮಾಡುವುದಿಲ್ಲ.

ಸಿಸ್ಕೊ ಸ್ವಿಚ್, ರೌಟರ್‌ಗಳಲ್ಲಿ ಮೊದಲು ವಿ3 ಗುಂಪು ಮಾಡಿ, ಅದರೊಳಗೆ ಯೂಸರ್ ಮಾಡಬೇಕು. ಇಲ್ಲಿ ಗಾಬರಿ ಬೀಳಿಸುವ ವಿಷಯ ಒಂದಿದೆ. ಯೂಸರ್ ಮಾಡಿದ ಸಾಲು ರನ್ನಿಂಗ್ ಕಾನ್ಫಿಗ್‌ನಲ್ಲಿ, ಅಂದರೆ ಸ್ವಿಚ್ ಸದ್ಯ ಬಳಸುತ್ತಿರುವ ಸೆಟ್ಟಿಂಗ್‌ಗಳ ಪಟ್ಟಿಯಲ್ಲಿ, ಕಾಣುವುದೇ ಇಲ್ಲ. ಸೇವ್ ಆಗಿಲ್ಲ ಎಂದುಕೊಂಡು ಮತ್ತೆ ಮತ್ತೆ ಹೊಡೆಯಬೇಡಿ. ಯೂಸರ್ ಪಟ್ಟಿ ತೋರಿಸುವ ಬೇರೆ ಶೋ ಕಮಾಂಡ್ ಇದೆ, ಅದರಲ್ಲಿ ನೋಡಿ. ಆದರೆ ಇದರ ಇನ್ನೊಂದು ಮುಖ ನೆನಪಿರಲಿ: ಬ್ಯಾಕಪ್ ಫೈಲ್‌ನಲ್ಲೂ ಆ ಸಾಲು ಇರುವುದಿಲ್ಲ. ಸ್ವಿಚ್ ಸುಟ್ಟು ಹೊಸದಕ್ಕೆ ಬ್ಯಾಕಪ್ ಹಾಕಿದಾಗ ಯೂಸರ್ ಅನ್ನು ಕೈಯಾರೆ ಮತ್ತೆ ಮಾಡಬೇಕು. ಜೊತೆಗೆ, ಇಂಟರ್‌ಫೇಸ್‌ಗಳ ಕ್ರಮಸಂಖ್ಯೆ ರೀಬೂಟ್ ಆದರೂ ಬದಲಾಗದಂತೆ ಮಾಡುವ ‘ಇಫ್‌ಇಂಡೆಕ್ಸ್ ಪರ್ಸಿಸ್ಟ್’ ಸೆಟ್ಟಿಂಗ್ ನಿಮ್ಮ ಮಾಡೆಲ್‌ನಲ್ಲಿ ಇದ್ದರೆ ಆನ್ ಮಾಡಿ.

ಮೈಕ್ರೋಟಿಕ್‌ನಲ್ಲಿ ಸುಲಭ. ಅದರ ಸೆಟ್ಟಿಂಗ್ ಪ್ರೋಗ್ರಾಂ ವಿನ್‌ಬಾಕ್ಸ್ ತೆರೆದು ಐಪಿ ಮೆನುವಿನ ಕೆಳಗೆ ಎಸ್‌ಎನ್‌ಎಂಪಿ ಒತ್ತಿ, ಎನೇಬಲ್ಡ್ ಗುರುತು ಹಾಕಿ. ಪಕ್ಕದ ಕಮ್ಯುನಿಟೀಸ್ ಬಟನ್ ಒಳಗೆ ಹೋಗಿ, ಅಲ್ಲಿ ಮೊದಲೇ ಇರುವ ‘ಪಬ್ಲಿಕ್’ ಬದಲಿಸಿ, ವಿಳಾಸದ ಜಾಗದಲ್ಲಿ ನಿಮ್ಮ ಸರ್ವರ್‌ನ ಐಪಿ ಹಾಕಿ. ವಿ3ರ ಪಾಸ್‌ವರ್ಡ್‌ಗಳೂ ಇದೇ ಕಿಟಕಿಯಲ್ಲಿ ಇವೆ.

ಉಬುಂಟು, ಡೆಬಿಯನ್ ಸರ್ವರ್‌ಗಳಲ್ಲಿ ಎರಡು ಬಲೆ. ಎಸ್‌ಎನ್‌ಎಂಪಿ ಪ್ರಶ್ನೆಗೆ ಉತ್ತರಿಸುವ ಪ್ರೋಗ್ರಾಂ ಎಸ್‌ಎನ್‌ಎಂಪಿಡಿ ಇನ್‌ಸ್ಟಾಲ್ ಮಾಡಿದಾಗ ಅದು 127.0.0.1ರಲ್ಲಿ ಮಾತ್ರ ಕೇಳಿಸಿಕೊಳ್ಳುತ್ತಿರುತ್ತದೆ. ಅಂದರೆ ತನ್ನ ಮಾತು ತನಗೇ. ಕಾನ್ಫಿಗ್ ಫೈಲ್‌ನಲ್ಲಿ ಏಜೆಂಟ್ ಅಡ್ರೆಸ್ ಸಾಲು ಹುಡುಕಿ, ಆ ಸರ್ವರ್‌ನ ನಿಜವಾದ ಐಪಿ ಹಾಕಿ ರೀಸ್ಟಾರ್ಟ್ ಮಾಡಿ. ಎರಡನೆಯದು ಇನ್ನೂ ಕಾಡುವಂಥದ್ದು. ಉಪಕರಣ ಆ್ಯಡ್ ಆಗುತ್ತದೆ, ಹೆಸರು, ಅಪ್‌ಟೈಮ್ ಕಾಣುತ್ತವೆ, ಆದರೆ ಡಿಸ್ಕ್ ಇಲ್ಲ, ನೆಟ್‌ವರ್ಕ್ ಪೋರ್ಟ್ ಇಲ್ಲ. ಯಾಕೆಂದರೆ ಅದೇ ಫೈಲ್‌ನಲ್ಲಿ ‘ಸಿಸ್ಟಮ್‌ಓನ್ಲಿ’ ಎಂಬ ಸಣ್ಣ ಕಿಟಕಿಯನ್ನಷ್ಟೇ ತೆರೆದಿರುತ್ತಾರೆ. ಯೂಸರ್‌ನ ಓದುವ ಅನುಮತಿ ಆ ಕಿಟಕಿಗೆ ಕಟ್ಟಿದ್ದರೆ ಬಿಡಿಸಬೇಕು. ಇನ್ನು ವಿ3 ಯೂಸರ್ ಮಾಡುವ ಮುಂಚೆ ಎಸ್‌ಎನ್‌ಎಂಪಿಡಿ ನಿಲ್ಲಿಸಿ, ಮಾಡಿದ ಮೇಲೆ ಶುರು ಮಾಡಿ. ಓಡುತ್ತಿರುವಾಗ ಮಾಡಿದರೆ ಯೂಸರ್ ಉಳಿಯುವುದಿಲ್ಲ.

ವರ್ಚುವಲ್ ಮೆಷಿನ್ ಕ್ಲೋನ್ ಮಾಡಿದವರಿಗೆ ಒಂದು ಎಚ್ಚರಿಕೆ. ವಿ3ರಲ್ಲಿ ಪ್ರತಿ ಉಪಕರಣಕ್ಕೂ ಇಂಜಿನ್ ಐಡಿ ಎಂಬ ಗುರುತು ಇರುತ್ತದೆ. ಕ್ಲೋನ್ ಆದಾಗ ಅದೂ ನಕಲಾಗುತ್ತದೆ. ಆಗ ಎರಡು ಮೆಷಿನ್‌ಗಳು ಒಂದಾದ ಮೇಲೊಂದು ತಪ್ಪಿಹೋಗುತ್ತಾ, ಬರುತ್ತಾ ಆಟವಾಡಿಸುತ್ತವೆ. ಕ್ಲೋನ್‌ನಲ್ಲಿ ಇಂಜಿನ್ ಐಡಿ ಹೊಸದು ಮಾಡಿ, ಯೂಸರ್ ಮತ್ತೆ ಸೃಷ್ಟಿಸಿ.

ಯುಪಿಎಸ್‌ಗೆ ನೆಟ್‌ವರ್ಕ್ ಕಾರ್ಡ್ ಇದ್ದರೆ ಅದರ ವೆಬ್ ಪುಟದಲ್ಲೇ ಎಸ್‌ಎನ್‌ಎಂಪಿ ಸೆಟ್ಟಿಂಗ್ ಇರುತ್ತದೆ. ಪ್ರಿಂಟರ್‌ಗಳಲ್ಲೂ ಹಾಗೇ.

ಹಂತ 3: ಸರ್ವರ್‌ನಿಂದಲೇ ಪರೀಕ್ಷಿಸಿ

ನಿಮ್ಮ ಲ್ಯಾಪ್‌ಟಾಪ್‌ನಿಂದ ಬೇಡ. ಕೇಳುವುದು ಮಾನಿಟರಿಂಗ್ ಸರ್ವರ್, ಹಾಗಾಗಿ ಅಲ್ಲಿಂದಲೇ ನೋಡಬೇಕು. ಸರ್ವರ್‌ಗೆ ಲಾಗಿನ್ ಆಗಿ ಎಸ್‌ಎನ್‌ಎಂಪಿವಾಕ್ (snmpwalk) ಕಮಾಂಡ್ ಓಡಿಸಿ. ಆವೃತ್ತಿ, ಯೂಸರ್, ಪಾಸ್‌ವರ್ಡ್‌ಗಳು, ಉಪಕರಣದ ಐಪಿ ಕೊಟ್ಟು, ಕೊನೆಗೆ 1.3.6.1.2.1.1 ಎಂಬ ಒಐಡಿ ಹಾಕಿ. ಎಲ್ಲ ಸರಿಯಿದ್ದರೆ ಒಂದು ಕ್ಷಣದಲ್ಲಿ ಸಾಲುಗಳು ಇಳಿಯುತ್ತವೆ: ಮೊದಲು ಮಾಡೆಲ್ ಮತ್ತು ಸಾಫ್ಟ್‌ವೇರ್ ಆವೃತ್ತಿ, ಆಮೇಲೆ ಎಷ್ಟು ದಿನದಿಂದ ಆನ್ ಇದೆ, ಸಂಪರ್ಕಿಸಬೇಕಾದವರು, ಹೆಸರು, ಜಾಗ. ಪಿಂಗ್ ಆಗುತ್ತಿದ್ದು, ಈ ಸಾಲುಗಳೂ ಕಂಡರೆ ಫಾರ್ಮ್ ಸಾಮಾನ್ಯವಾಗಿ ಒಪ್ಪಿಕೊಳ್ಳುತ್ತದೆ.

ಕಾಣದಿದ್ದರೆ? ಪಿಂಗ್ ಆಗುತ್ತಿದೆ ಎನ್ನುವುದಕ್ಕೂ ಎಸ್‌ಎನ್‌ಎಂಪಿಗೂ ಸಂಬಂಧವಿಲ್ಲ, ಅವೆರಡೂ ಬೇರೆ ದಾರಿ. ವಿ2ಸಿಯಲ್ಲಿ ಕಮ್ಯುನಿಟಿ ತಪ್ಪಿದ್ದರೆ ಉಪಕರಣ ‘ತಪ್ಪು’ ಎಂದು ಹೇಳುವುದಿಲ್ಲ, ಸುಮ್ನೆ ಇದ್ದುಬಿಡುತ್ತದೆ. ಫೈರ್‌ವಾಲ್ ತಡೆದರೂ ಅದೇ ಮೌನ. ಎರಡಕ್ಕೂ ಒಂದೇ ಟೈಮ್‌ಔಟ್ ಬರುವುದರಿಂದ ಜನ ಗಂಟೆಗಟ್ಟಲೆ ತಪ್ಪು ಕಡೆ ಹುಡುಕುತ್ತಾರೆ. ವಿ3ರಲ್ಲಿ ಯೂಸರ್ ಹೆಸರು ತಪ್ಪಿದ್ದರೆ, ಗುರುತು ಖಚಿತಪಡಿಸುವ ಪಾಸ್‌ವರ್ಡ್ ತಪ್ಪಿದ್ದರೆ ಸಾಮಾನ್ಯವಾಗಿ ಬೇರೆ ಬೇರೆ ದೋಷ ಸಂದೇಶ ಬರುತ್ತದೆ. ಹಾಗೆ ಏನೋ ಒಂದು ಸಂದೇಶ ಬಂತು ಎಂದರೆ ದಾರಿ ತೆರೆದಿದೆ ಎಂದರ್ಥ, ಫೈರ್‌ವಾಲ್ ಬಿಟ್ಟು ಯೂಸರ್ ವಿವರ ನೋಡಿ. ವಿ3 ಇಷ್ಟವಾಗಲು ಇದೂ ಒಂದು ಕಾರಣ.

ಮೌನವೇ ಇದ್ದರೆ ಈ ಕ್ರಮದಲ್ಲಿ ಹೋಗಿ. ಉಪಕರಣದಲ್ಲಿ ಅನುಮತಿಸಿದ ಐಪಿ ನಿಮ್ಮ ಸರ್ವರ್‌ದೇನಾ? ನಡುವಿನ ಫೈರ್‌ವಾಲ್‌ನಲ್ಲಿ ತೆರೆದದ್ದು ಯುಡಿಪಿಯಾ, ಅಥವಾ ಅಭ್ಯಾಸಬಲದಿಂದ ಟಿಸಿಪಿ ತೆರೆದಿರಾ? ರೌಟರ್‌ಗೆ ಹಲವು ಐಪಿ ಇದ್ದು, ಪ್ರಶ್ನೆ ಒಂದಕ್ಕೆ ಹೋಗಿ ಉತ್ತರ ಇನ್ನೊಂದರಿಂದ ಬರುತ್ತಿದೆಯಾ? ಹಾಗಾದರೆ ನಡುವಿನ ಫೈರ್‌ವಾಲ್ ಆ ಉತ್ತರವನ್ನು ಬಿಸಾಡುತ್ತದೆ. ರೌಟರ್‌ಗಳಿಗೆ ಲೂಪ್‌ಬ್ಯಾಕ್ (ಯಾವ ಕೇಬಲ್‌ಗೂ ಅಂಟಿಕೊಳ್ಳದ, ರೌಟರ್‌ನೊಳಗಿನ ವಿಳಾಸ) ಅಥವಾ ಮ್ಯಾನೇಜ್‌ಮೆಂಟ್ ವಿಲ್ಯಾನ್‌ನ (ಉಪಕರಣ ನಿರ್ವಹಣೆಗೆಂದೇ ಬೇರೆ ಇಟ್ಟ ನೆಟ್‌ವರ್ಕ್) ಐಪಿ ಒಂದನ್ನೇ ಬಳಸುವುದು ಒಳ್ಳೆಯದು.

ಹಂತ 4: ಫಾರ್ಮ್ ತುಂಬಿ

ಮೇಲಿನ ಮೆನುವಿನಲ್ಲಿ ಡಿವೈಸಸ್, ಅದರೊಳಗೆ ಆ್ಯಡ್ ಡಿವೈಸ್. ಹೋಸ್ಟ್‌ನೇಮ್ ಜಾಗದಲ್ಲಿ ಐಪಿ ಅಥವಾ ಡಿಎನ್‌ಎಸ್ ಹೆಸರು. ಆವೃತ್ತಿ ವಿ3, ಪೋರ್ಟ್ 161, ಟ್ರಾನ್ಸ್‌ಪೋರ್ಟ್ ಯುಡಿಪಿ. ಕೆಳಗೆ ಯೂಸರ್, ಎರಡು ಪಾಸ್‌ವರ್ಡ್, ಶಾ ಮತ್ತು ಎಇಎಸ್. ಉಪಕರಣದಲ್ಲಿ ಕೊಟ್ಟದ್ದಕ್ಕೂ ಇಲ್ಲಿ ಆರಿಸಿದ್ದಕ್ಕೂ ಅಕ್ಷರಶಃ ಹೊಂದಬೇಕು.

ಪೋರ್ಟ್ ಅಸೋಸಿಯೇಶನ್ ಎಂಬುದು ಪೋರ್ಟ್‌ಗಳನ್ನು ಯಾವುದರ ಮೇಲೆ ಗುರುತಿಸಬೇಕು ಎಂಬ ಆಯ್ಕೆ. ಮೊದಲೇ ಇರುವುದು ಇಫ್‌ಇಂಡೆಕ್ಸ್, ಅಂದರೆ ಕ್ರಮಸಂಖ್ಯೆ. ನಿಮ್ಮ ಉಪಕರಣ ರೀಬೂಟ್ ಆದಾಗ ಕ್ರಮಸಂಖ್ಯೆ ಬದಲಿಸುವ ಜಾತಿಯದ್ದಾದರೆ ಇಫ್‌ನೇಮ್ ಆರಿಸಿ. ಇಲ್ಲದಿದ್ದರೆ ಒಂದು ಪೋರ್ಟ್‌ನ ಟ್ರಾಫಿಕ್ ಇನ್ನೊಂದರ ಗ್ರಾಫ್‌ಗೆ ಹೋಗಿ ಸೇರಿಬಿಡುತ್ತದೆ.

‘ಫೋರ್ಸ್ ಆ್ಯಡ್’ ಎಂಬ ಗುಂಡಿ ಮುಟ್ಟಬೇಡಿ. ಅದು ಪರೀಕ್ಷೆಗಳನ್ನು ಹಾರಿಸಿ ಉಪಕರಣವನ್ನು ಪಟ್ಟಿಗೆ ತಳ್ಳುತ್ತದೆ, ಅಷ್ಟೇ. ಸಂಪರ್ಕ ಸರಿಯಿಲ್ಲದಿದ್ದರೆ ಮಾಹಿತಿ ಬರುವುದಿಲ್ಲ. ಸೇರಿದೆ ಎಂಬ ಸುಳ್ಳು ಸಮಾಧಾನ ಉಳಿಯುತ್ತದೆ.

ಸಿಸಿ ಕ್ಯಾಮೆರಾ, ಬಯೋಮೆಟ್ರಿಕ್ ಹಾಜರಿ ಯಂತ್ರದಂಥ ಎಸ್‌ಎನ್‌ಎಂಪಿ ಸಿಗದ ಉಪಕರಣಗಳಿಗೆ ಎಸ್‌ಎನ್‌ಎಂಪಿ ಗುಂಡಿ ಆಫ್ ಮಾಡಿ ಸೇರಿಸಿ. ಆಗ ಪಿಂಗ್ ಮಾತ್ರ ನೋಡುತ್ತದೆ. ಉಪಕರಣ ಇದೆಯಾ, ಹೋಗಿದೆಯಾ ತಿಳಿಯಲು ಅಷ್ಟು ಸಾಕು. ಇದಕ್ಕೆ ಉಲ್ಟಾ, ಪಿಂಗ್‌ಗೆ ಉತ್ತರಿಸದೆ ಎಸ್‌ಎನ್‌ಎಂಪಿಗೆ ಮಾತ್ರ ಉತ್ತರಿಸುವ ಉಪಕರಣವಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ಪಿಂಗ್ ಪರೀಕ್ಷೆ ನಿಲ್ಲಿಸುವ ಆಯ್ಕೆ ಇದೆ.

ಹಂತ 5: ಹತ್ತು ನಿಮಿಷ ಬಿಡಿ, ಆಮೇಲೆ ನೋಡಿ

ಸೇರಿಸಿದ ತಕ್ಷಣ ಗ್ರಾಫ್ ಖಾಲಿ ಇರುತ್ತದೆ. ಉಪಕರಣ ಕೊಡುವುದು ಒಟ್ಟು ಎಣಿಕೆ. ಎರಡು ಸಲ ಕೇಳಿ, ವ್ಯತ್ಯಾಸ ತೆಗೆದಾಗಲೇ ವೇಗ ಸಿಗುವುದು. ಹಾಗಾಗಿ ಕನಿಷ್ಠ ಎರಡು ಪೋಲಿಂಗ್ ಬೇಕು.

ಆಮೇಲೆ ಮೂರು ವಿಷಯ ನೋಡಿ. ಮಾಡೆಲ್, ಆಪರೇಟಿಂಗ್ ಸಿಸ್ಟಮ್ ಸರಿಯಾಗಿ ಗುರುತಿಸಿದೆಯಾ? ಎಲ್ಲ ಪೋರ್ಟ್ ಬಂದಿವೆಯಾ? ಪೋಲಿಂಗ್‌ಗೆ ಎಷ್ಟು ಸೆಕೆಂಡ್ ಹಿಡಿಯುತ್ತಿದೆ? ಈ ಮೂರನೆಯದನ್ನು ಯಾರೂ ನೋಡುವುದಿಲ್ಲ. ಅದು 300 ಸೆಕೆಂಡ್ ದಾಟಿದರೆ ಮುಂದಿನ ಸರದಿ ಬರುವಷ್ಟರಲ್ಲಿ ಹಿಂದಿನದು ಮುಗಿದಿರುವುದಿಲ್ಲ, ಗ್ರಾಫ್‌ನಲ್ಲಿ ಬಿಳಿ ಖಾಲಿ ಜಾಗ ಕಾಣಿಸುತ್ತದೆ. ಹಳೆಯ ಸ್ವಿಚ್‌ಗಳ ಪುಟ್ಟ ಪ್ರೊಸೆಸರ್‌ಗೆ ಇಷ್ಟೆಲ್ಲ ಪ್ರಶ್ನೆ ಭಾರವಾಗುತ್ತದೆ. ಆ ಉಪಕರಣದ ಎಡಿಟ್ ಪುಟದಲ್ಲಿ ಮಾಡ್ಯೂಲ್ಸ್ ಎಂಬ ಭಾಗವಿದೆ. ನಿಮಗೆ ಬೇಡದ ಮಾಡ್ಯೂಲ್‌ಗಳನ್ನು ಅಲ್ಲಿ ನಿಲ್ಲಿಸಿ.

ಇನ್ನೊಂದು ವಿಷಯ ತಿಳಿದಿರಲಿ. ಎಸ್‌ಎನ್‌ಎಂಪಿಯಲ್ಲಿ ಅಪ್‌ಟೈಮ್ ಎಣಿಸುವ ಗಡಿಯಾರ ಸುಮಾರು 497 ದಿನಕ್ಕೆ ತುಂಬಿ ಸೊನ್ನೆಗೆ ಮರಳುತ್ತದೆ. ವರ್ಷಗಟ್ಟಲೆ ಆಫ್ ಆಗದ ಸ್ವಿಚ್ ಒಂದು ದಿನ ಇದ್ದಕ್ಕಿದ್ದಂತೆ ರೀಬೂಟ್ ಆಗಿದೆ ಎಂದು ಕಂಡರೆ ಮೊದಲು ಸ್ವಿಚ್‌ಗೇ ಲಾಗಿನ್ ಆಗಿ ನಿಜವಾದ ಅಪ್‌ಟೈಮ್ ನೋಡಿ.

ಹಂತ 6: ಪೋರ್ಟ್‌ಗಳನ್ನು ಹಸನು ಮಾಡಿ

48 ಪೋರ್ಟ್‌ನ ಸ್ವಿಚ್‌ನಲ್ಲಿ ನಿಮಗೆ ನಿಜವಾಗಿ ಬೇಕಿರುವುದು ಅಪ್‌ಲಿಂಕ್ (ಮೇಲಿನ ಸ್ವಿಚ್ ಅಥವಾ ರೌಟರ್‌ಗೆ ಹೋಗುವ ಪೋರ್ಟ್), ಸರ್ವರ್ ಪೋರ್ಟ್, ಅಷ್ಟೇ. ಸಂಜೆ ಎಲ್ಲರೂ ಪಿಸಿ ಆಫ್ ಮಾಡಿ ಮನೆಗೆ ಹೋದಾಗ ಒಂದೊಂದು ಪೋರ್ಟ್ ಡೌನ್ ಆದ ಅಲರ್ಟ್ ಬಂದರೆ ಮೂರನೇ ದಿನಕ್ಕೆ ನೀವು ಅಲರ್ಟ್ ನೋಡುವುದನ್ನೇ ಬಿಡುತ್ತೀರಿ, ಅಲ್ವಾ? ಎಡಿಟ್ ಪುಟದ ಪೋರ್ಟ್ ಸೆಟ್ಟಿಂಗ್‌ನಲ್ಲಿ ಅಂಥವಕ್ಕೆ ಇಗ್ನೋರ್ ಹಾಕಿ. ಗ್ರಾಫ್ ಬರುತ್ತಿರುತ್ತದೆ, ಗಲಾಟೆ ಇರುವುದಿಲ್ಲ.

ಮುಖ್ಯ ಪೋರ್ಟ್‌ಗಳಿಗೆ ಸ್ವಿಚ್‌ನಲ್ಲೇ ವಿವರಣೆ ಬರೆಯಿರಿ: ‘ಹಾಸ್ಟೆಲ್ ಕಡೆಯ ಫೈಬರ್’, ‘ಬಿಲ್ಲಿಂಗ್ ಸರ್ವರ್’ ಎಂಬಂತೆ, ಇಂಗ್ಲಿಷ್ ಅಕ್ಷರಗಳಲ್ಲಿ. ಅದು ಅಲರ್ಟ್‌ನಲ್ಲೂ ಬರುವಂತೆ ಮಾಡಬಹುದು. ನಿಮ್ಮ ನಂತರ ಬರುವವರು ಕೇಬಲ್ ಹಿಡಿದು ಹುಡುಕುವ ಕಷ್ಟ ಇದರಿಂದ ತಪ್ಪುತ್ತದೆ.

ಹಂತ 7: ಅಲರ್ಟ್ ಕಟ್ಟಿ, ನಿಜವಾಗಿ ಕೇಬಲ್ ಕಿತ್ತು ನೋಡಿ

ಅಲರ್ಟ್ ನಿಯಮಗಳ ರೆಡಿ ಸಂಗ್ರಹ ಲಿಬ್ರೆಎನ್‌ಎಂಎಸ್‌ನಲ್ಲೇ ಇದೆ. ಎಲ್ಲವನ್ನೂ ಒಮ್ಮೆಲೇ ಆನ್ ಮಾಡದೆ, ಉಪಕರಣ ಡೌನ್, ಡಿಸ್ಕ್ ತುಂಬಿದೆ, ಯುಪಿಎಸ್ ಬ್ಯಾಟರಿ ಮೇಲೆ ಓಡುತ್ತಿದೆ, ಈ ಮೂರರಿಂದ ಶುರು ಮಾಡಿ. ಇಮೇಲ್ ಅಥವಾ ಟೆಲಿಗ್ರಾಂಗೆ ಕಳಿಸಬಹುದು.

ಇಲ್ಲಿ ಪಟ್ಟಿಯ ಕೊನೆಯ ಕಾಲಂ ಬೇಕು. ನಡುವಿನ ಮುಖ್ಯ ಸ್ವಿಚ್, ಅಂದರೆ ಕೋರ್ ಸ್ವಿಚ್ ಹೋದರೆ ಅದರ ಹಿಂದಿನ ಇಪ್ಪತ್ತು ಸ್ವಿಚ್‌ಗಳೂ ಡೌನ್ ಎಂದು ಕಾಣುತ್ತವೆ. ನಿಮಗೆ ಬೇಕಿರುವುದು ಒಂದು ಅಲರ್ಟ್, ಇಪ್ಪತ್ತೊಂದಲ್ಲ. ಪ್ರತಿ ಉಪಕರಣದ ಎಡಿಟ್ ಪುಟದಲ್ಲಿ ಅದು ಯಾವುದರ ಮೇಲೆ ಅವಲಂಬಿಸಿದೆ ಎಂದು ಆರಿಸಿ. ಮೇಲಿನದು ಹೋದಾಗ ಕೆಳಗಿನವುಗಳ ಅಲರ್ಟ್ ಬರುವುದಿಲ್ಲ.

ಇನ್ನು ನಮ್ಮ ಕಡೆ ಬಹಳ ಮುಖ್ಯವಾದದ್ದು, ಕರೆಂಟ್. ಯುಪಿಎಸ್ ಸೇರಿಸಿದ್ದೀರಿ, ಬ್ಯಾಟರಿ ಅಲರ್ಟ್ ಹಾಕಿದ್ದೀರಿ. ಆದರೆ ಕರೆಂಟ್ ಹೋದಾಗ ಆ ಅಲರ್ಟ್ ಹೊರಗೆ ಹೋಗಬೇಕಾದರೆ ಮಾನಿಟರಿಂಗ್ ಸರ್ವರ್, ಯುಪಿಎಸ್ ಕಾರ್ಡ್‌ಗೆ ಸಂಪರ್ಕ ಕೊಡುವ ಸ್ವಿಚ್, ಇಂಟರ್‌ನೆಟ್ ರೌಟರ್, ಗೋಡೆಗೆ ಹಾಕಿರುವ ಪುಟ್ಟ ಫೈಬರ್ ಪೆಟ್ಟಿಗೆ ಇಷ್ಟೂ ಬ್ಯಾಟರಿ ಮೇಲೆ ಇರಬೇಕು. ಸಾಮಾನ್ಯವಾಗಿ ಕೊನೆಯದ್ದು ನೇರ ಪ್ಲಗ್‌ನಲ್ಲಿರುತ್ತದೆ. ಅಲರ್ಟ್ ಸರ್ವರ್‌ನೊಳಗೇ ಕೂತಿದ್ದು, ಕರೆಂಟ್ ಬಂದ ಮೇಲೆ ನಿಮಗೆ ತಲುಪುತ್ತದೆ. ಒಂದೊಂದು ವೈರನ್ನೂ ಹಿಡಿದು ಎಲ್ಲಿಗೆ ಹೋಗಿದೆ ನೋಡಿ.

ಎಲ್ಲ ಆದ ಮೇಲೆ, ಬಿಡುವಿನ ಹೊತ್ತಲ್ಲಿ, ಸಂಬಂಧಪಟ್ಟವರಿಗೆ ಹೇಳಿ, ಒಂದು ಸ್ವಿಚ್‌ನ ಅಪ್‌ಲಿಂಕ್ ಕಿತ್ತು ಹತ್ತು ನಿಮಿಷ ಕಾಯಿರಿ. ಫೋನಿಗೆ ಸಂದೇಶ ಬಂತಾ? ಮತ್ತೆ ಹಾಕಿದಾಗ ಸರಿಹೋಯಿತು ಎಂಬ ಸಂದೇಶವೂ ಬಂತಾ? ಎರಡೂ ಬಂದ ಮೇಲೆ ಶೀಟ್‌ನಲ್ಲಿ ಆ ಉಪಕರಣದ ಮುಂದೆ ಟಿಕ್ ಹಾಕಿ.

ಆಮೇಲೆ ಬದಲಾವಣೆ ಬಂದರೆ

ಉಪಕರಣದ ಐಪಿ ಅಥವಾ ಹೆಸರು ಬದಲಾಯಿತು ಎಂದು ಅಳಿಸಿ ಹೊಸದಾಗಿ ಸೇರಿಸಬೇಡಿ. ಅಳಿಸಿದರೆ ಹಳೆಯ ಗ್ರಾಫ್‌ಗಳೂ ಹೋಗುತ್ತವೆ, ಮರಳಿ ಬರುವುದಿಲ್ಲ. ಹೆಸರು ಬದಲಿಸುವ ಸೌಲಭ್ಯ ಬಳಸಿ. ಹಳೆಯ ಸ್ವಿಚ್ ತೆಗೆದು ಅದೇ ಜಾಗಕ್ಕೆ ಹೊಸದು ಹಾಕುವುದಾದರೂ ಅಷ್ಟೇ. ಹೊಸದಕ್ಕೆ ಹಳೆಯದರ ಐಪಿ, ಹೆಸರು ಕೊಡಿ, ಎರಡನೇ ಹಂತದ ಯೂಸರ್ ಮತ್ತೆ ಮಾಡಿ, ಲಿಬ್ರೆಎನ್‌ಎಂಎಸ್‌ನಲ್ಲಿ ರೀಡಿಸ್ಕವರ್ ಒತ್ತಿ. ಇಲ್ಲದಿದ್ದರೆ ಉಪಕರಣದಲ್ಲಿ ಏನೇನಿದೆ ಎಂದು ಹುಡುಕಲು ಆರು ಗಂಟೆಗೊಮ್ಮೆ ನಡೆಯುವ ಡಿಸ್ಕವರಿಗೆ ಕಾಯಬೇಕು. ಕೆಲಸ ನಡೆಯುವ ಹೊತ್ತಿಗೆ ಮೇಂಟೆನೆನ್ಸ್ ಹಾಕಿಟ್ಟರೆ ಸುಳ್ಳು ಅಲರ್ಟ್‌ಗಳು ಬರುವುದಿಲ್ಲ. ಮುಗಿಯುವ ಸಮಯವನ್ನು ಮರೆಯದೆ ಹಾಕಿ. ಇಲ್ಲದಿದ್ದರೆ ಕೆಲಸ ಮುಗಿದ ಮೇಲೂ ಆ ಸ್ವಿಚ್‌ನ ಅಲರ್ಟ್ ಬಂದ್ ಆಗಿಯೇ ಇರುತ್ತದೆ.